ಕ್ಯಾಸೆಟ್ಟು ಕಾದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕವಳು ನಾನು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಣಸೆಮರದ ಸುದ್ದಿ, ಗಾಳಿ ಸೋಕಿದ ಸುದ್ದಿ ತೆಗೆದರೆ, "ಅದು ಅಜೀರ್ಣರೀ, ಒಂದೀಟು ಅಜವಾನ ತಿನ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅದಕ್ಕೇ ಇದನ್ನು ಇಷ್ಟು ವರ್ಷ ಬರೆದಿರಲಿಲ್ಲ. ಬರೆದರೆ ಅದೇ ಅಜವಾನದ ಮಾತನ್ನು ನನಗೆ ತಿರುಗಿಸಿ ಹೇಳುವವರು ಬಹಳ ಮಂದಿ ಇದ್ದಾರೆ. ಹೇಳಲಿ. ಇದರಲ್ಲಿ ದೆವ್ವ ಇಲ್ಲ, ಕತ್ತಲೂ ಇಲ್ಲ. ಬಿಸಿಯೂಟ ಮುಗಿದ ಮೇಲಿನ ಪೀರಿಯಡ್ಡು, ಆರನೇ ತರಗತಿಯ ಮಕ್ಕಳು, ಒಂದು ಹಳೆಯ ಟೇಪ್ ರೆಕಾರ್ಡರು, ಇಷ್ಟೇ.

ನಾನು ಹುಟ್ಟಿ ಬೆಳೆದದ್ದು ಮಾನ್ವಿಯಲ್ಲಿ. ಅವ್ವ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕೂಲಿ ಮಾಡುತ್ತಿದ್ದಳು. ನಮ್ಮ ಓಣಿಯ ಮಕ್ಕಳ ಕಿವಿಗೆ ಮೊದಲು ಇಂಗ್ಲಿಷ್ ಹಾಕಿದವರು ರತ್ನಾಬಾಯಿ ಅಕ್ಕೋರು. ಆಗ ನಾವು ಮೇಡಂ ಅನ್ನುತ್ತಿರಲಿಲ್ಲ, ಕಲಿಸುವ ಹೆಣ್ಣುಮಕ್ಕಳೆಲ್ಲ ನಮಗೆ ಅಕ್ಕೋರೇ. ಅವರ ಹತ್ತಿರ ಒಂದು ಬಟ್ಟೆಯ ಚೀಲ ಇತ್ತು. ಅದರೊಳಗೆ ಬಾಚಣಿಗೆ, ಉಳ್ಳಾಗಡ್ಡಿ, ಬೀಗ, ಬಳೆಚೂರು. ಒಂದೊಂದಾಗಿ ಹೊರತೆಗೆದು ಅದರ ಇಂಗ್ಲಿಷ್ ಹೆಸರು ಕೇಳುತ್ತಿದ್ದರು. ಊರಿನ ಮದುವೆ ಕಾರ್ಡುಗಳನ್ನೆಲ್ಲ ಕೂಡಿಟ್ಟು, ಹಿಂದಿನ ಖಾಲಿ ಮಗ್ಗುಲಿಗೆ ಚಿತ್ರ ಅಂಟಿಸುತ್ತಿದ್ದರು. ನಾವು ಆನೆ, ಒಂಟೆ ಕಲಿತದ್ದು ಯಾರದೋ ಲಗ್ನಪತ್ರಿಕೆಯ ಬೆನ್ನಿನ ಮೇಲೆ. ಈಗಲೂ ಅರಿಶಿನ ಹಚ್ಚಿದ ಕಾರ್ಡು ಮನೆಗೆ ಬಂದರೆ ನಾನು ಮೊದಲು ತಿರುಗಿಸಿ ಹಿಂದೆ ಜಾಗ ಇದೆಯೇ ನೋಡುತ್ತೇನೆ. ಚಟ ಹೋಗಿಲ್ಲ.

ದಿನಕ್ಕೊಂದು ಸಲ ಅಕ್ಕೋರು ಬೆಂಚಿನಿಂದ ಬೆಂಚಿಗೆ ಪ್ರಶ್ನೆ ಕೇಳುತ್ತ ಬರುತ್ತಿದ್ದರು. ವಾಟ್ ಡಸ್ ಯುವರ್ ಮದರ್ ಡೂ, ನಿನ್ನ ಅವ್ವ ಏನು ಕೆಲಸ ಮಾಡುತ್ತಾಳೆ. ಚುರುಕಿನ ಹುಡುಗರು ಪಟಪಟ ಹೇಳಿ ಕೂಡುತ್ತಿದ್ದರು. ನನಗೆ ಉತ್ತರ ಗೊತ್ತಿತ್ತು. ಆದರೆ ಅದು ಹೊಟ್ಟೆಯಿಂದ ಎದ್ದು ಬಾಯಿಗೆ ಬರುವಷ್ಟರಲ್ಲಿ ಅಕ್ಕೋರು "ನೆಕ್ಸ್ಟ್" ಅಂದಿರುತ್ತಿದ್ದರು. ಮೂರು ವರ್ಷ ಅವರ ಕೈಯಲ್ಲಿ ಕಲಿತೆ, ಮೂರು ವರ್ಷವೂ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆದರೂ ಅವರೆಂದರೆ ಜೀವ. ಅವರ ಹಾಗೆ ಇಂಗ್ಲಿಷ್ ಕಲಿಸಬೇಕೆಂದೇ ನಾನೂ ಟೀಚರಾದೆ.

ಅಕ್ಕೋರು ನಿವೃತ್ತರಾದ ದಿನ ನನಗೊಂದು ಕ್ಯಾಸೆಟ್ಟು ಕೊಟ್ಟರು. ರೇಡಿಯೋದಲ್ಲಿ ಬರುವ ಇಂಗ್ಲಿಷ್ ಪಾಠ ನಮ್ಮ ಕಡೆ ಬರೀ ಗೊರಗೊರ ಅನ್ನುತ್ತಿದ್ದ ಕಾಲದಲ್ಲಿ, ತಾವೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಮ್ಮ ಧ್ವನಿಯಲ್ಲಿ ಮಾಡಿದ್ದು. ಪ್ರಶ್ನೆ ಕೇಳುತ್ತಾರೆ, ಮಗು ಉತ್ತರಿಸಲೆಂದು ನಾಲ್ಕು ಸೆಕೆಂಡು ಸುಮ್ಮನಿರುತ್ತಾರೆ, ಆಮೇಲೆ "ವೆರಿ ಗುಡ್" ಅನ್ನುತ್ತಾರೆ. ಆ ಸುಮ್ಮನಿರುವ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಅವ್ವನ ಪ್ರಶ್ನೆ ಬರುವಲ್ಲಿ ಸರಿಯಾಗಿ ಐದು ಬಡಿತ.

"ಇದ್ರಾಗ ಒಂದು ತಪ್ಪು ಮಾಡೀನವ್ವ" ಎಂದರು ಅಕ್ಕೋರು. "ಎಲ್ಲಾ ಪಾಠ ಒಂದ ಕ್ಯಾಸೆಟ್ಟಿನಾಗ ಹಿಡಿಸಬೇಕಂತ ಗಡಿಬಿಡಿ ಮಾಡಿದೆ. ಲಗೂನ ಹೇಳೋ ಹುಡುಗ್ರಿಗೆ ಅಷ್ಟ ಜಾಗಾ ಬಿಟ್ಟೀನಿ. ನಿನ್ನಂಥಾಕಿಗೆ ಬಿಟ್ಟಿಲ್ಲ. ಇನ್ನೊಮ್ಮಿ ಮಾಡಿದ್ರ ಕಾಯ್ತೀನಿ ನೋಡು."

ನನ್ನ ಮೂರು ವರ್ಷದ ಮೌನ ಅವರಿಗೆ ಗೊತ್ತಿತ್ತು ಎಂದು ಅವತ್ತು ತಿಳಿಯಿತು. ಕಣ್ಣು ತುಂಬಿ ಬಂತು. ಅವರು ಇನ್ನೊಂದು ಕ್ಯಾಸೆಟ್ಟು ಮಾಡಲಿಲ್ಲ. ಕೆಲವು ವರ್ಷಗಳಲ್ಲಿ ಅವರಿಗೆ ಲಕ್ವ ಹೊಡೆದು ಮಾತು ಹೋಯಿತೆಂದು ಕೇಳಿದೆ. ಕೆಲಸ, ಮಕ್ಕಳು, ಬಸ್ಸು ಎಂದು ನೋಡಲು ಹೋಗಲೇ ಇಲ್ಲ. ಅದು ನನ್ನ ತಪ್ಪು.

ನಾನು ಇರುವುದು ದೇವದುರ್ಗದಲ್ಲಿ, ಶಾಲೆ ಗಬ್ಬೂರಿನಿಂದ ಒಳಗೆ, ಊರು ದಾಟಿ ಹೊಲಗಳ ನಡುವೆ. ಆ ವರ್ಷ ಆರನೇ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ನೋಟ್‌ಬುಕ್ಕು ಅಚ್ಚುಕಟ್ಟು, ಬಾಯಿಗೆ ಮಾತ್ರ ಬೀಗ. ಅವಳ ಅವ್ವ ಒಂದು ದಿನ ಶಾಲೆಗೇ ಬಂದು, "ಬಾಯೇ ಬಿಡಾಂಗಿಲ್ಲ ಇಕಿ, ಸಾಲಿ ಯಾಕ್ರೀ ಮೇಡಂ? ನನ್ನ ಸಂಗಾಟ ಹತ್ತಿ ಬಿಡಸಾಕ ಬರ್ತಾಳ" ಎಂದಳು. ದೀಪಾವಳಿಯ ತನಕ ಬಿಡು, ಮಾತಾಡಿಸುತ್ತೇನೆ ಎಂದು ಹೇಗೋ ಒಪ್ಪಿಸಿದ್ದೆ. ಒಪ್ಪಿಸಿದೆ ಅಷ್ಟೇ. ಮಾತಾಡಿಸುವುದು ಹೇಗೆಂದು ನನಗೇ ಗೊತ್ತಿರಲಿಲ್ಲ. ಅವಳ ಸರದಿ ಬಂದಾಗಲೆಲ್ಲ "ಕೂಡವ್ವ" ಎಂದು ಮುಂದೆ ಹೋಗುತ್ತಿದ್ದೆ. ಅದು ದಯೆ ಎಂದುಕೊಂಡಿದ್ದೆ.

ಅದೇ ಹೊತ್ತಿಗೆ ರಾಯಚೂರಿನಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿ ಬಂತು. ಐದು ದಿನ ಚಹಾ, ಉಪ್ಪಿಟ್ಟು, ಚಾರ್ಟು, ಸ್ಕೆಚ್ ಪೆನ್ನು. ಯರಗೇರಾದಿಂದ ಬಸ್ಸಿಗೆ ಬರುತ್ತಿದ್ದ ತರಬೇತುದಾರ ನಮಗಿಂತ ಬಹಳ ಚಿಕ್ಕವನು, ಆದರೆ ತಿಳಿದವನು. ಮಗುವಿಗೆ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ, ಅಲ್ಲಿಯ ತನಕ ತುಟಿ ಬಿಚ್ಚಬೇಡಿ ಎಂದ. "ಹತ್ತು ಎಣಿಸೋದ್ರೊಳಗ ಗಂಟಿ ಹೊಡೀತೈತ್ರೀ ಸರ್" ಎಂದು ಯಾರೋ ಅಂದರು, ಹಾಲೆಲ್ಲ ನಕ್ಕಿತು. ನಾನೂ ನಕ್ಕೆ. ನಗುವಾಗಲೇ ಅಕ್ಕೋರ ಮಾತು ನೆನಪಾಗಿ ಬಾಯಿ ಮುಚ್ಚಿದೆ. ಪ್ರತಿಯೊಬ್ಬರೂ ತಮ್ಮ ಶಾಲೆಯಲ್ಲಿ ಒಂದು ಪಾಠೋಪಕರಣ ಬಳಸಿ, ಆ ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ ತರಬೇಕು ಎಂದು ಕೊನೆಯ ದಿನ ಹೇಳಿದರು. ಕೆಲವರು ಸ್ಮಾರ್ಟ್ ಬೋರ್ಡು ಎಂದು ಬರೆಸಿದರು. ನಾನು ಕ್ಯಾಸೆಟ್ಟು ಎಂದು ಬರೆಸಿದೆ.

ಶಾಲೆಯ ಬೀರುವಿನಲ್ಲಿ ಹಳೆಯ ಟೇಪ್ ರೆಕಾರ್ಡರು ಧೂಳು ತಿನ್ನುತ್ತ ಕೂತಿತ್ತು. ಒರೆಸಿ, ಹೊಸ ಸೆಲ್ ಹಾಕಿ, ತರಗತಿಯಲ್ಲಿ ಅಕ್ಕೋರ ಕ್ಯಾಸೆಟ್ಟು ಹಚ್ಚಿದೆ. ಮಕ್ಕಳಿಗೆ ಅದೊಂದು ತಮಾಷೆ. ಉತ್ತರ ಕೊಟ್ಟರೂ ವೆರಿ ಗುಡ್, ಕೊಡದಿದ್ದರೂ ವೆರಿ ಗುಡ್. "ಸುಮ್ಮ ಕುಂತ್ರೂ ಶಾಬಾಸ್ ಅಂತಾರ ಈ ಅಜ್ಜಿ" ಎಂದು ಒಬ್ಬಳು ಅಂದದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮೇಜಿನ ಮೇಲೆ ಮೊಬೈಲು ಇಟ್ಟು ಮುದ್ರಣ ಶುರುಮಾಡಿದೆ. ಅವ್ವ ಏನು ಮಾಡುತ್ತಾಳೆ ಎಂಬ ಪ್ರಶ್ನೆ ಹಾಕುವುದು, ಒಂದು ಮಗು ಎದ್ದು ಹೇಳುವುದು, ಹಿಂದಕ್ಕೆ ತಿರುಗಿಸುವುದು, ಮತ್ತೆ ಹಾಕುವುದು. ಹೀಗೆ ಹನ್ನೊಂದೋ ಹನ್ನೆರಡೋ ಮಕ್ಕಳಾದರು. ಹುಲಿಗೆಮ್ಮನ ಸರದಿ ಬಂತು. ಅವಳು ಎದ್ದು ನಿಂತಳು. ನಿಜ ಹೇಳುತ್ತೇನೆ, "ಕೂಡವ್ವ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮೊಬೈಲು ಕೇಳಿಸಿಕೊಳ್ಳುತ್ತಿದೆ ಎಂಬ ನಾಚಿಕೆಗೆ ಅನ್ನಲಿಲ್ಲ. ಗುಂಡಿ ಒತ್ತಿದೆ.

ಅಕ್ಕೋರು ಪ್ರಶ್ನೆ ಕೇಳಿದರು. ಹುಲಿಗೆಮ್ಮ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಳು. ಇನ್ನೇನು ವೆರಿ ಗುಡ್ ಬರುತ್ತದೆ, ಮಕ್ಕಳು ನಗುತ್ತಾರೆ, ಇವಳು ಇನ್ನಷ್ಟು ಮುದುಡುತ್ತಾಳೆ ಎಂದು ಹೆದರಿ ನನ್ನ ಕೈ ಗುಂಡಿಯ ಕಡೆ ಹೋಯಿತು. ವೆರಿ ಗುಡ್ ಬರಲಿಲ್ಲ. ರೊಟ್ಟಿಯ ಸಪ್ಪಳ ಬಂತು. ಐದಾಯಿತು, ಹತ್ತಾಯಿತು, ನಿಲ್ಲಲಿಲ್ಲ. ಟೇಪು ಸಿಕ್ಕಿಕೊಂಡಿತೇ ಎಂದು ಬಗ್ಗಿ ನೋಡಿದೆ. ಕಿಂಡಿಯೊಳಗೆ ಎರಡೂ ಚಕ್ರ ಸಮನಾಗಿ ತಿರುಗುತ್ತಿದ್ದವು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಟೇಪಿನ ಕಡೆ ಕತ್ತು ಚಾಚಿದರು. ರೊಟ್ಟಿಯ ಸಪ್ಪಳ ಒಮ್ಮೆ ನಿಂತು ಮತ್ತೆ ಶುರುವಾಯಿತು. ಚಿಕ್ಕಂದಿನಿಂದ ರೊಟ್ಟಿ ಬಡಿದ ಕೈ ನನ್ನದು. ಒಂದು ರೊಟ್ಟಿ ಹಂಚಿಗೆ ಹೋಗಿ ಇನ್ನೊಂದರ ಹಿಟ್ಟು ರೊಟ್ಟಿ ಬಡಿಯುವ ಕೊಣಮಿಗೆಗೆ ಇಳಿಯಿತು ಎಂದು ಸಪ್ಪಳದಿಂದಲೇ ತಿಳಿಯಿತು.

ಆಗ ಹುಲಿಗೆಮ್ಮ ತಲೆ ಎತ್ತಿದಳು. ನನ್ನನ್ನು ನೋಡಲಿಲ್ಲ, ಟೇಪ್ ರೆಕಾರ್ಡರನ್ನು ನೋಡಿ ಇಂಗ್ಲಿಷಿನಲ್ಲಿ ಪೂರ್ತಿ ಒಂದು ವಾಕ್ಯ ಹೇಳಿದಳು. ಅವಳ ಧ್ವನಿ ಅಷ್ಟು ದಪ್ಪ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ಮುಗಿಸಿದ ಮೇಲೆ, ಮುಗಿಸಿದ ಮೇಲೆಯೇ, ಅಕ್ಕೋರು "ವೆರಿ ಗುಡ್" ಅಂದರು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಶಾಲೆ ಬಿಟ್ಟ ಮೇಲೆ ಟೇಪನ್ನು ಹಿಂದಕ್ಕೆ ತಿರುಗಿಸಿ ಹಾಕಿದೆ. ನಾಲ್ಕು ಸೆಕೆಂಡು, ಐದು ಬಡಿತ, ವೆರಿ ಗುಡ್. ಮತ್ತೆ ಹಾಕಿದೆ, ಮತ್ತೆ ಅಷ್ಟೇ. ಪಕ್ಕದ ತರಗತಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ನಮ್ಮ ಗಣಿತದ ಮಹಬೂಬ್ ಸರ್, "ಸೆಲ್ ವೀಕ್ ಆಗಿರ್ತಾವ್ರೀ ಮೇಡಂ" ಎಂದರು. ಸೆಲ್ ಸೋತಿದ್ದರೆ ಧ್ವನಿ ಎಳೆಯಬೇಕಿತ್ತಲ್ಲ? ಹಾಗಾದರೆ ಬಿಸಿಯೂಟದವರು ರೊಟ್ಟಿ ಬಡಿದಿರಬೇಕು ಎಂದರು. ಬಿಸಿಯೂಟಕ್ಕೆ ಅನ್ನ, ಸಾಂಬಾರು. ಅವರು ಪಾತ್ರೆ ತೊಳೆದು ಮನೆಗೆ ಹೋಗಿಯೂ ಆಗಿತ್ತು. ಸರ್ ತಲೆ ಕೆರೆದುಕೊಂಡು, "ಇರ್ಲಿ ಬಿಡ್ರೀ, ಹುಡುಗಿ ಮಾತಾಡಿದ್ಲಲ್ಲ" ಎಂದು ಸೈಕಲ್ ಹತ್ತಿದರು. ಮೊಬೈಲಿನಲ್ಲಿ ಮಾತ್ರ ಎಲ್ಲವೂ ಉಳಿದಿತ್ತು. ಗಡಿಯಾರ ಇಟ್ಟುಕೊಂಡು ಕೇಳಿದೆ. ಒಂದು ನಿಮಿಷಕ್ಕೆ ಚೂರು ಕಡಿಮೆ. ಅಷ್ಟು ಹೊತ್ತೂ ರೊಟ್ಟಿಯ ಸಪ್ಪಳ.

ಮುಂದಿನ ಸಭೆಯಲ್ಲಿ ಅದೇ ತರಬೇತುದಾರ ನನ್ನ ಮುದ್ರಣವನ್ನು ಸ್ಪೀಕರಿಗೆ ಹಚ್ಚಿ ಎಲ್ಲರಿಗೂ ಕೇಳಿಸಿದ. "ನೋಡ್ರಿ, ಮೇಡಂ ಟೇಪ್ ನಿಲ್ಲಿಸಿ ಹೆಂಗ ಕಾದಾರ! ಹಿಂಗ ಕಾಯಬೇಕು" ಎಂದ. ಚಪ್ಪಾಳೆ ಬಿತ್ತು. ನಾನು ನಿಲ್ಲಿಸಿಲ್ಲರೀ, ನಾನು ಕಾಯಲೇ ಇಲ್ಲ, ಕೂಡು ಅನ್ನುವವಳಿದ್ದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಆ ಚಪ್ಪಾಳೆಯಿಂದಲೇ ಮುಂದೆ ನನ್ನನ್ನು ಬೇರೆ ಶಿಕ್ಷಕರಿಗೆ ಕಲಿಸಲು ಕರೆಯತೊಡಗಿದರು. ಹುಲಿಗೆಮ್ಮನ ಅವ್ವ ದೀಪಾವಳಿಗೆ ಬಂದಾಗ ಮಗಳು ಅವಳೆದುರೇ ಪಾಠ ಓದಿದಳು, ಶಾಲೆ ಬಿಡಲಿಲ್ಲ. ಎಲ್ಲ ಒಳ್ಳೆಯದೇ ಆಯಿತು. ನನಗೆ ಮಾತ್ರ ಊಟ ಸೇರದ ಹಾಗಾಯಿತು, ಬೇರೆಯವರ ಪಾಲಿನದನ್ನು ತಿಂದಂತೆ.

ಒಂದು ಭಾನುವಾರ ದೇವದುರ್ಗದಿಂದ ಬಸ್ಸು ಹತ್ತಿ ಮಾನ್ವಿಗೆ ಹೋದೆ. ಅಕ್ಕೋರು ಅಂಗಳದ ನೆರಳಿನಲ್ಲಿ ಹೊರಸಿನ ಮೇಲೆ ಕೂತಿದ್ದರು. ಅರ್ಧ ಮುಖ ಸ್ತಬ್ಧ, ಇನ್ನರ್ಧದಲ್ಲಿ ಅದೇ ಕಣ್ಣು. ಪಕ್ಕದ ಮನೆ ಎಂದೋ ಬಿದ್ದು ಬರೀ ಬಯಲಾಗಿತ್ತು. ನಾನು ಅವರ ಕೈ ಹಿಡಿದು ಎಲ್ಲವನ್ನೂ ಹೇಳಿದೆ. ಟೇಪು ಕಾದದ್ದು, ಚಕ್ರ ತಿರುಗಿದ್ದು, ರೊಟ್ಟಿಯ ಸಪ್ಪಳ, ಸೆಲ್ಲು, ಗಡಿಯಾರ, ನಾನು ಸುಳ್ಳು ಚಪ್ಪಾಳೆ ತೆಗೆದುಕೊಂಡದ್ದು. ಕೊನೆಗೆ, "ಅಕ್ಕೋರೇ, ಅವತ್ತು ಕಾದವರು ನೀವೇ ಏನ್ರೀ?" ಎಂದು ಕೇಳಿದೆ.

ಅವರ ತುಟಿ ಅಲುಗಿತು. ಸೊಸೆ ಒಳಗಿನಿಂದ ಚಹಾ ತಂದವಳು, "ಅತ್ತಿಯವ್ರಿಗೆ ಮಾತು ಬರಾಂಗಿಲ್ರೀ, ನೀವು ಬಂದದ್ದು ಖುಷಿ ಆಗ್ಯಾದ ಅಂತಾರ" ಎಂದು ತಾನೇ ಉತ್ತರ ಕೊಟ್ಟುಬಿಟ್ಟಳು. ಪಾಪ, ದಿನವೂ ಹಾಗೇ ಮಾಡಿ ರೂಢಿಯಾಗಿತ್ತು. ನಾನು, "ಒಂದೀಟು ತಡಿಯವ್ವ" ಎಂದೆ. ಕಾದೆ. ಚಹಾದ ಮೇಲೆ ಕೆನೆ ಕಟ್ಟಿತು. ನನ್ನ ಬಸ್ಸಿನ ಹೊತ್ತು ಮೀರಿತು. ಅಕ್ಕೋರ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಒಂದು ಮಾತು ಬಂತು, ತೊದಲಿ, ಆದರೆ ತಿಳಿಯುವಂತೆ.

"ಹುಡುಗಿ... ಏನಂತ ಹೇಳಿದ್ಲು?"

ಇಷ್ಟೆಲ್ಲ ಹೇಳಿದವಳು ನಾನು ಅದೊಂದನ್ನೇ ಹೇಳಿರಲಿಲ್ಲ. ಎದ್ದು ನಿಂತೆ, ಯಾಕೋ ಕೂತು ಹೇಳಲು ಮನಸ್ಸಾಗಲಿಲ್ಲ. "ಮೈ ಮದರ್ ಪಿಕ್ಸ್ ಕಾಟನ್, ಅಂದಳ್ರೀ ಅಕ್ಕೋರೇ" ಎಂದೆ. ಅವರು ಕಣ್ಣು ತೆಗೆಯಲಿಲ್ಲ. ನನ್ನನ್ನೇ ನೋಡುತ್ತಿದ್ದರು, ನೆಕ್ಸ್ಟ್ ಅನ್ನಲಿಲ್ಲ, ನೋಡುತ್ತಲೇ ಇದ್ದರು. ಆಮೇಲೆ ನನಗೆ ಹೊಳೆಯಿತು.

"ಮೈ ಮದರ್ ವರ್ಕ್ಸ್ ಇನ್ ಎ ರೈಸ್ ಮಿಲ್" ಎಂದೆ. ಅವ್ವ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

ಅವತ್ತು ಟೇಪಿನೊಳಗೆ ಕಾದವರು ಯಾರೆಂಬುದಕ್ಕೆ ಅಕ್ಕೋರು ಉತ್ತರ ಕೊಡಲಿಲ್ಲ, ಈಗ ಕೇಳೋಣವೆಂದರೆ ಅವರೂ ಇಲ್ಲ. ಕ್ಯಾಸೆಟ್ಟು ನನ್ನ ಹತ್ತಿರವೇ ಇದೆ. ವರ್ಷಕ್ಕೊಮ್ಮೆ ಸೆಲ್ ಹಾಕಿ ಕೇಳುತ್ತೇನೆ. ನಾಲ್ಕು ಸೆಕೆಂಡು, ಐದು ಬಡಿತ. ಆರನೆಯದಕ್ಕೆ ಪ್ರತಿ ಸಲವೂ ಕಿವಿ ಕೊಟ್ಟು ಕೂತಿರುತ್ತೇನೆ.