ರೈಫಲ್ಲಿನ ಬಲಕ್ಕೆ ಕೂತವನು

ಗುಂಡಿನ ಸದ್ದು ತಡೆಯುವ ಎರಡನೇ ಇಯರ್‌ಮಫ್ ಬ್ಯಾಗಿಗೆ ಹಾಕಬೇಕಿತ್ತು. ನಾನು ಹಾಕಲಿಲ್ಲ. ಮರೆತದ್ದಲ್ಲ. ಕಪಾಟಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ, ಮತ್ತೆ ಅಲ್ಲಿಯೇ ಇಟ್ಟೆ. ಅದು ಯಾರ ಕಿವಿಗೆ ಬೇಕಿತ್ತೋ ಅವನು ನನ್ನ ತಮ್ಮ. ಕೌಂಟರಿನ ಆಚೆ, ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಕೊನೆಗೆ ಉಳಿಸಿಕೊಂಡರೆ ನಡುವೆ ಎಲ್ಲಾದರೂ ನೆಪ ಹುಡುಕಿಬಿಡುತ್ತೇನೆ ಎಂಬ ಹೆದರಿಕೆ ನನಗೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಊರು ಉಳ್ಳಾಲದ ಕಡೆ, ಮನೆಯಲ್ಲಿ ಆಡುವುದು ಬ್ಯಾರಿ. ದೋಹಾಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ದೋಹಾ ಅಲ್ ಜದೀದಾದ ರೂಮಿನಿಂದ ದಿನಾ ಹೋಗುವುದು ಬೇಟೆ ಸಾಮಾನಿನ ಒಂದು ಅಂಗಡಿಗೆ. ಗಿಡುಗದ ಕಣ್ಣು ಮುಚ್ಚುವ ಚರ್ಮದ ಟೋಪಿ, ಟೆಂಟು, ದುರ್ಬೀನು, ಲೈಸೆನ್ಸ್ ಇದ್ದವರಿಗೆ ಬಂದೂಕು. ಮೊದಲು ನೆಲ ಒರೆಸಿದೆ, ಬಂದವರಿಗೆ ಖಾವಾ, ಅಂದರೆ ಅರಬ್ಬಿ ಕಾಫಿ, ಕೊಟ್ಟೆ. ಆಮೇಲೆ ಬಂದೂಕು ಒರೆಸಲು ಕೊಟ್ಟರು. ಇಂಗ್ಲಿಷ್ ಅಕ್ಷರ ನಾನು ಸರಿಯಾಗಿ ಕಲಿತದ್ದು ತೋಟಾದ ಪೆಟ್ಟಿಗೆಗಳ ಮೇಲೆ. ಕ್ಯಾಲಿಬರ್ ಎಂದರೆ ನಳಿಗೆಯ ಒಳಗಿನ ಅಗಲ. ಅಷ್ಟೇ ಅಗಲದ ಎರಡು ತೋಟಾಗಳಲ್ಲಿ ಒಂದರ ಹೊಟ್ಟೆಯಲ್ಲಿ ಮದ್ದು ಹೆಚ್ಚಿರಬಹುದು, ಅದು ದೂರ ಹೋಗುತ್ತದೆ, ಹೆಗಲಿಗೆ ಜೋರಾಗಿ ಒದೆಯುತ್ತದೆ. ಇದನ್ನೆಲ್ಲ ಕಲಿಸಿದವರು ನಮ್ಮ ಮ್ಯಾನೇಜರ್, ಈಜಿಪ್ಟಿನವರು.

ಅವರು ಇನ್ನೊಂದು ಮಾತು ಕಲಿಸಿದ್ದರು. ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಒಂದು ಸಾಮಾನು ಉಂಟು, ಬ್ರೇಕ್ ಎನ್ನುತ್ತಾರೆ. ಅದರ ಎರಡೂ ಪಕ್ಕದಲ್ಲಿ ತೂತುಗಳು. ಗುಂಡಿನ ಹಿಂದಿನ ಗಾಳಿ ಆ ತೂತುಗಳಿಂದ ಪಕ್ಕಕ್ಕೆ ಹಾರುತ್ತದೆ, ಹೆಗಲಿಗೆ ಬೀಳುವ ಒದೆತ ಅರ್ಧಕ್ಕೆ ಇಳಿಯುತ್ತದೆ. "ಆದರೆ ಆ ಒದೆತ ಎಲ್ಲಿಗೂ ಹೋಗುವುದಿಲ್ಲ," ಎಂದಿದ್ದರು ಮ್ಯಾನೇಜರ್, ನನ್ನ ಕಿವಿಯನ್ನು ಬೆರಳಿನಿಂದ ತಟ್ಟಿ. "ಪಕ್ಕದಲ್ಲಿ ಕೂತವನ ಇಲ್ಲಿಗೆ ಬರುತ್ತದೆ. ಬ್ರೇಕ್ ಮಾರಿದರೆ ಬ್ಯಾಗಿಗೆ ಎರಡು ಇಯರ್‌ಮಫ್ ಹಾಕು. ಗಿರಾಕಿಯನ್ನು ಕೇಳಬೇಡ. ಹಾಕು."

ತಮ್ಮ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನನ್ನು ಇಲ್ಲಿಗೆ ಕರೆಸಿದ್ದು ನಾನೇ. ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಕತಾರಿ ಹಿರಿಯರಿಗೆ ಡ್ರೈವರ್ ಬೇಕು ಎಂದಾಗ ಅವನ ಫೋಟೋ ತೋರಿಸಿದ್ದೆ. ಅಲ್ ವಕ್ರಾದಲ್ಲಿ ಅವರ ಮನೆ, ಕಾಂಪೌಂಡಿನ ಮೂಲೆಯಲ್ಲಿ ತಮ್ಮನ ಕೋಣೆ. ಯಜಮಾನರನ್ನು ಅವನು ಬಾಬಾ ಎನ್ನುತ್ತಿದ್ದ, ನಾನೂ ಹಾಗೇ ಅನ್ನುತ್ತೇನೆ. ಕೆಟ್ಟವರಲ್ಲ.

ಇಲ್ಲಿ ನಮ್ಮವರಲ್ಲಿ ಬರೆಯದ ಒಂದು ಕ್ರಮ ಉಂಟು. ನಿನ್ನ ಮಾತಿನ ಮೇಲೆ ಒಬ್ಬ ಕೆಲಸಕ್ಕೆ ಸೇರಿದರೆ, ಆಮೇಲೆ ಅವನಿಗಾಗಿ ಬಾಯಿ ತೆರೆಯಬಾರದು. ರಜೆ ಕೊಡಿ, ಬಿಸಿಲಿಗೆ ನಿಲ್ಲಿಸಬೇಡಿ, ಏನನ್ನೂ ಹೇಳಬಾರದು. ತನ್ನವನನ್ನು ತಂದು ಕೂರಿಸಿ ಈಗ ಒಂದೊಂದೇ ಕೇಳುತ್ತಾನೆ ಎಂಬ ಹೆಸರು ಬಂದರೆ ಮುಂದೆ ಯಾರೂ ನಿನ್ನ ಮಾತಿಗೆ ಬೆಲೆ ಕೊಡುವುದಿಲ್ಲ. ನಾನು ಈ ಕ್ರಮವನ್ನು ಬಹಳ ಹೆಮ್ಮೆಯಿಂದ ಪಾಲಿಸಿದವನು.

ಬಾಬಾ ಬೆಟ್ಟದ ದೇಶವೊಂದಕ್ಕೆ ಕಾಡುಮೇಕೆ ಬೇಟೆಗೆ ಹೊರಟಿದ್ದರು. ತಮ್ಮನೂ ಜೊತೆಗೆ. ರೈಫಲ್ ಆರಿಸಲು ಬಂದ ಆ ಮಧ್ಯಾಹ್ನ ಮ್ಯಾನೇಜರ್ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ನಾವು ಮೂವರೇ.

"ನೀನೇ ಹೇಳು," ಎಂದರು ಬಾಬಾ. "ತ್ರೀ ನಾಟ್ ಏಟ್ ಸಾಕಾ, ಮುನ್ನೂರರ ಮ್ಯಾಗ್ನಮ್ ಬೇಕಾ?"

ನನಗೆ ಗೊತ್ತಿತ್ತು. ಎರಡರ ಅಗಲವೂ ಒಂದೇ, ಮದ್ದು ಹೆಚ್ಚಿರುವುದು ಮ್ಯಾಗ್ನಮ್ಮಿನಲ್ಲಿ. ಅವರ ಬಲ ಹೆಗಲಿಗೆ ಆಪರೇಷನ್ ಆಗಿತ್ತು. ಅಂಥವರಿಗೆ ತ್ರೀ ನಾಟ್ ಏಟ್, ಅದೂ ತೂಕ ಇರುವ ಬೋಲ್ಟ್ ರೈಫಲ್. ಒಂದೊಂದೇ ಗುಂಡು, ಕೈಯಿಂದ ಬೋಲ್ಟ್ ಎಳೆದು ಹೊಡೆಯುವುದು. ರೈಫಲ್ಲಿನ ತೂಕವೇ ಒದೆತವನ್ನು ನುಂಗುತ್ತದೆ, ಬ್ರೇಕ್ ಬೇಡ. ಮೇಕೆಗೆ ಅದು ಧಾರಾಳ ಸಾಕು. ಇದನ್ನೇ ಹೇಳಲು ಬಾಯಿ ತೆರೆದೆ. ಆಗ ತಮ್ಮ ಹಿಂದಿನಿಂದ ಬ್ಯಾರಿಯಲ್ಲಿ ಅಂದ:

"ಕಾಕ, ಭಾರದ್ದು ಕೊಡಬೇಡ ಮಾರಾಯ. ಗುಡ್ಡ ಹತ್ತುವಾಗ ಅದನ್ನು ಹೊರುವುದು ಬಾಬಾ ಅಲ್ಲ, ನಿನ್ನ ತಮ್ಮ."

ಕಾಕ ಎಂದರೆ ನಮ್ಮಲ್ಲಿ ಅಣ್ಣ. ನನಗೆ ನಗು ಬಂತು. ಬಾಬಾ, ಏನಂತೆ ಎಂದರು. ಏನಿಲ್ಲ ಎಂದೆ. ಅವರ ಕಣ್ಣು ಆಗಲೇ ಗೋಡೆಯ ಮೇಲಿದ್ದ ಹಗುರದ ರೈಫಲ್ಲಿನ ಮೇಲಿತ್ತು. ಅವರ ದೊಡ್ಡಪ್ಪನ ಮಗನ ಹತ್ತಿರ ಅಂಥದ್ದೇ ಉಂಟು, ಮ್ಯಾಗ್ನಮ್, ಗಿಡ್ಡ ನಳಿಗೆ. ಅವರಿಗೆ ಬೇಕಾದದ್ದು ಅದೇ, ನಾನು ಹೌದು ಅನ್ನಬೇಕಿತ್ತು ಅಷ್ಟೆ. ಅಂದೆ. ಹೆಗಲಿಗೆ ಒದೆಯುತ್ತದೆ, ಆದರೆ ತುದಿಗೆ ಬ್ರೇಕ್ ಹಾಕಿದರೆ ಏನೂ ಗೊತ್ತಾಗುವುದಿಲ್ಲ ಎಂದೆ. ಒದೆತ ಎಷ್ಟು, ಇಳಿಯುವುದು ಎಷ್ಟು ಎಂದು ಕೈಯಲ್ಲಿ ತೋರಿಸಿ ವಿವರಿಸಿದೆ. ಬಾಬಾ ತಮ್ಮನ ಕಡೆ ತಿರುಗಿ, "ನಿನ್ನ ಅಣ್ಣ ಉಸ್ತಾದ್," ಎಂದರು. ಐದನೇ ಕ್ಲಾಸಿನವನಿಗೆ ಉಸ್ತಾದ್ ಎಂದರೆ ಏನಾಗುತ್ತದೆ ಎಂದು ಓದಿದವರಿಗೆ ಹೇಳಿ ಅರ್ಥ ಮಾಡಿಸಲು ನನ್ನಿಂದ ಆಗದು.

ಬ್ಯಾಗಿಗೆ ಮೊದಲ ಇಯರ್‌ಮಫ್ ಹಾಕಿದೆ. ಎರಡನೆಯದನ್ನು ತೆಗೆದೆ.

"ಅದು ಯಾರಿಗೆ?" ಎಂದರು ಬಾಬಾ. ಬರೀ ಕೇಳಿದ್ದು. ತಡೆದದ್ದಲ್ಲ.

ನಿಮ್ಮ ಪಕ್ಕ ಕೂರುವವನಿಗೆ ಎಂದರೆ ಮುಗಿಯುತ್ತಿತ್ತು. ಆದರೆ ಪಕ್ಕ ಕೂರುವವನು ನನ್ನ ತಮ್ಮ. ಉಸ್ತಾದ್ ಎಂದು ಕರೆಸಿಕೊಂಡ ಮರುಗಳಿಗೆಯೇ ತನ್ನವನಿಗೆ ಒಂದು ಸೇರಿಸಿದ ಎಂದು ಅವರು ಅಂದುಕೊಂಡರೆ? "ಎಕ್ಸ್‌ಟ್ರಾ, ಬಾಬಾ," ಎಂದು ಕಪಾಟಿಗೆ ವಾಪಸ್ ಇಟ್ಟೆ.

"ಅದು ನನಗಾ ಇದ್ದದ್ದು?" ಎಂದ ತಮ್ಮ, ನಗುತ್ತಾ.

"ನಿನಗೆ ಎಂತಕ್ಕೆ? ಗುಂಡು ಬಿಡುವವ ನೀನಾ?"

"ಅದೂ ಹೌದು."

"ಯಲ್ಲಾ, ನಡಿ," ಎಂದರು ಬಾಬಾ. ತಮ್ಮ ರೈಫಲ್ಲಿನ ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿ ಒಮ್ಮೆ ಕುಣಿಸಿ ನೋಡಿದ. "ಇದು ಹಗುರ ಉಂಟು. ಕಾಕ, ನೀನು ಬದುಕಿಸಿದಿ."

ಬೇಟೆಗೆ ಮೊದಲು ರೈಫಲ್ಲಿನ ಗುರಿ ಕೂರಿಸಬೇಕು. ಆ ಬೆಟ್ಟದ ದೇಶದಲ್ಲಿ ವಿಮಾನ ಇಳಿದ ಮೇಲೆ ಬಾಬಾ ಒಂದೇ ದಿನ ಎರಡು ಪೆಟ್ಟಿಗೆ ತೋಟಾ ಖಾಲಿ ಮಾಡಿದರಂತೆ. ತಮ್ಮ ಅವರ ಬಲಕ್ಕೆ, ಸ್ವಲ್ಪ ಮುಂದೆ, ದುರ್ಬೀನು ಹಿಡಿದು ಕೂತು ಗುಂಡು ಎಲ್ಲಿ ಬಿತ್ತು ಎಂದು ಹೇಳುತ್ತಿದ್ದ. ಖಾವಾ ಬಗ್ಗಿಸುವವನು ಯಜಮಾನರ ಬಲಕ್ಕೇ ಇರುವುದು ರೂಢಿ. ಅಲ್ಲೇ ಕೂತ. ಅವನ ಎಡ ಕಿವಿ ಬ್ರೇಕಿನ ತೂತಿಗೆ ಎದುರಾಗಿತ್ತು.

ಸಂಜೆ ಅಲ್ಲಿಂದ ಫೋನ್ ಮಾಡಿದ. "ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಆಗ್ತದೆ. ಗುಂಡಿನದ್ದಾ?"

ಗುಂಡಿನದ್ದೇ ಎಂದು ತಿಳಿಯಿತು. ಆದರೂ ಅಂದೆ, "ವಿಮಾನದಲ್ಲಿ ಕಿವಿಗೆ ಗಾಳಿ ಕಟ್ಟಿದ್ದು. ಬಾಬಾ ಬಂದೂಕಿಗೆ ನಿನಗಿಂತ ಹತ್ತಿರ ಇದ್ದರಲ್ಲ, ಅವರಿಗೆ ಎಂತಾದರೂ ಆಗಿದೆಯಾ?"

"ಇಲ್ಲ."

"ಮತ್ತೆಂತ? ಹೋಗ್ತದೆ."

ಬಂದೂಕಿನ ವಿಷಯದಲ್ಲಿ ಅವನಿಗೆ ನನ್ನ ಮಾತೇ ಮಾತು. ನಂಬಿದ.

ಹೋಗಲಿಲ್ಲ. ವಾಪಸ್ ಬಂದು ಮೂರು ವಾರದ ನಂತರ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಮಲಯಾಳಿ ಹೆಂಗಸು. ಎಡ ಕಿವಿಯ ನರ ಸತ್ತಿದೆ, ಬಲದ್ದೂ ಮಂದವಾಗಿದೆ ಎಂದರು. "ಗುಂಡು, ಪಟಾಕಿ, ದೊಡ್ಡ ಮೆಷಿನು, ಏನಾದರೂ ಹತ್ತಿರದಲ್ಲಿ ಸಿಡಿಯಿತಾ? ಕೂಡಲೇ ಬಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತು."

ತಮ್ಮನಿಗೆ ಕೇಳಿಸಲಿಲ್ಲ. ಏನಂತೆ ಎಂದು ನನ್ನ ಮುಖ ನೋಡಿದ. ಅವನು ನೋಡುತ್ತಿದ್ದಂತೆಯೇ ನಾನು ಹೇಳಿದೆ, "ಇಲ್ಲ ಡಾಕ್ಟರ್. ಇವನು ಡ್ರೈವರ್. ನಮ್ಮ ಬಾಪಾನಿಗೂ ಕಿವಿ ಮಂದ ಇತ್ತು."

ಬಾಪಾ ಎಂದರೆ ನಮ್ಮ ತಂದೆ. ಅವರಿಗೆ ಕೇಳಿಸದೆ ಹೋದದ್ದು ಎಪ್ಪತ್ತು ದಾಟಿದ ಮೇಲೆ. ಹೊರಗೆ ಬಂದು ತಮ್ಮನಿಗೂ ಅದನ್ನೇ ಹೇಳಿದೆ, ಜೋರಾಗಿ, ಕೈಸನ್ನೆ ಮಾಡಿ. ಬಾಪಾನದ್ದು ನಿನಗೆ ಬಂದಿದೆ. ಅವನು ಹೌದೆಂದು ತಲೆಯಾಡಿಸಿದ.

ಇಲ್ಲಿ ಕಾರಿನ ಸ್ಟೇರಿಂಗ್ ಎಡಕ್ಕೆ, ಡ್ರೈವರನ ಎಡ ಕಿವಿ ರಸ್ತೆಗೆ. ಒಂದು ಹಾರನ್ ಕೇಳಿಸದೆ ಒಮ್ಮೆ ಸ್ವಲ್ಪದರಲ್ಲಿ ಅಪಘಾತ ತಪ್ಪಿತು. ಹಿಂದಿನ ಸೀಟಿನಲ್ಲಿ ಬಾಬಾನ ಮೊಮ್ಮಕ್ಕಳು ಇದ್ದರು. ಬಾಬಾ ಬೈಯಲಿಲ್ಲ. ಡ್ರೈವಿಂಗ್ ಖಲಾಸ್ ಎಂದು ಅವನನ್ನು ಅಲ್ ಶಮಾಲಿನಲ್ಲಿದ್ದ ತಮ್ಮದೇ ತೋಟಕ್ಕೆ ಕಳಿಸಿದರು, ಆಡು ನೋಡಿಕೊಳ್ಳಲು.

ಎರಡು ವರ್ಷ ಕಳೆಯಿತು. ಈ ನಡುವೆ ಎರಡು ಸಲ ತಪ್ಪೊಪ್ಪಿಕೊಂಡಿದ್ದೇನೆ ಎಂದು ನನಗೆ ನಾನೇ ಲೆಕ್ಕ ಹೇಳಿಕೊಳ್ಳುತ್ತಿದ್ದೆ. ಎರಡೂ ಸಲ ಅವನ ಎಡಗಡೆ ನಿಂತು, ಮೆಲ್ಲಗೆ. ಅವನು ಆಡಿಗೆ ಹುಲ್ಲು ಹಾಕುತ್ತಲೇ ಇದ್ದ.

ಹೋದ ಶುಕ್ರವಾರ ಜುಮಾ ನಮಾಜು ಮುಗಿಸಿ ಅಂಗಡಿಯ ಪಿಕಪ್‌ನಲ್ಲಿ ಶಮಾಲಿಗೆ ಹೋದೆ. ತಮ್ಮ ಬೇಲಿಯ ನೆರಳಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದ.

"ಬಾ ಕಾಕ, ನೋಡು ಇಲ್ಲಿ," ಎಂದ. ಈಗ ಅವನ ದನಿ ಯಾವಾಗಲೂ ಜೋರು.

ವಿಡಿಯೋದಲ್ಲಿ ಊರಿನಲ್ಲಿರುವ ಅವನ ಮಗಳು, ಐದು ವರ್ಷದವಳು. ಮಂಗಳೂರಿನ ಕಿವಿ ಡಾಕ್ಟರರ ಗಾಜಿನ ಕೋಣೆಯಲ್ಲಿ ಕೂತಿದ್ದಳು. ತಲೆಯ ಮೇಲೆ ದೊಡ್ಡ ಕಪ್ಪು ಹೆಡ್‌ಫೋನ್. ನಮ್ಮ ಕಪಾಟಿನಲ್ಲಿರುವ ಇಯರ್‌ಮಫ್‌ನ ಹಾಗೆಯೇ ಇತ್ತು. ಶಬ್ದ ಕೇಳಿಸಿದಾಗ ಕೈ ಎತ್ತಬೇಕು. ಅವಳು ಎತ್ತುತ್ತಿದ್ದಳು, ಒಮ್ಮೊಮ್ಮೆ ಹೆದರಿ ತಾಯಿಯನ್ನು ಹುಡುಕುತ್ತಿದ್ದಳು.

"ಇದು ಮೂರನೇ ಸಲ," ಎಂದ. "ಕೇಳ್ತದೆ ಅಂತಾರೆ. ಆದರೆ ಬಾಪಾನದ್ದು ನನಗೆ ಬಂತಲ್ಲ, ನನ್ನದು ಅವಳಿಗೆ ಯಾವಾಗ ಬರ್ತದೋ. ಆರಾರು ತಿಂಗಳಿಗೆ ತೋರಿಸಬೇಕು ಅಂತ ಹೆಂಡತಿಗೆ ಹೇಳಿದ್ದೇನೆ. ಅವಳು ಅಳ್ತಾಳೆ, ಮಗು ಹೋಗುವುದಿಲ್ಲ ಅಂತ ಹಟ ಮಾಡ್ತದಂತೆ. ಇನ್ನೊಂದು ಮಗು ಬೇಡ ಅಂತಲೂ ಹೇಳಿದ್ದೇನೆ. ಯಾಕೆ ಸುಮ್ಮನೆ?"

ನಾನು ಅವನ ಎಡಕ್ಕೆ ಕೂತಿದ್ದೆ. ಎದ್ದೆ. ಸುತ್ತಿ ಬಂದು ಬಲಕ್ಕೆ ಕೂತೆ. ಹೇಳಿದೆ.

"ಎಂತ?" ಎಂದ, ಕಿವಿಗೆ ಅಂಗೈ ಹಿಡಿದು. "ಜೋರಾಗಿ ಹೇಳು ಮಾರಾಯ. ಈ ಕಡೆಯದ್ದೂ ಅಷ್ಟಕ್ಕಷ್ಟೆ."

ಬೇಲಿಯಾಚೆ ನೀರು ಬಿಡುತ್ತಿದ್ದವನು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ:

"ಬಾಪಾನಿಂದ ಬಂದದ್ದಲ್ಲ. ಮಗಳಿಗೆ ಬರುವುದಿಲ್ಲ. ಆ ಬಂದೂಕಿನದ್ದು. ಗೊತ್ತಿದ್ದೂ ನಿನಗೆ ಇಯರ್‌ಮಫ್ ಕೊಡಲಿಲ್ಲ, ಡಾಕ್ಟರ್ ಕೇಳಿದಾಗ ಸುಳ್ಳು ಹೇಳಿದೆ. ನಾನು ಮಾಡಿದ್ದು ತಮ್ಮಾ, ನಾನು. ತಪ್ಪಾಯಿತು. ನನ್ನನ್ನು ಕ್ಷಮಿಸು."