ನನ್ನ ಒಡವೆಯ ಜಕಾತು

ಶಿರಾದಲ್ಲಿ ಕಂಬಳಿ ವ್ಯಾಪಾರ ಮಾಡುತ್ತಿದ್ದ ನನ್ನ ಯಜಮಾನರನ್ನು ಜಿಪುಣ ಎಂದು ಮೊದಲು ಕರೆದವಳು ನಾನೇ. ಊರಿನವರು ಆಮೇಲೆ ಕಲಿತರು. ಬುಕ್ಕಾಪಟ್ಟಣದ ಕಡೆಯಿಂದ ಕುರುಬರು ನೇಯ್ದು ತಂದ ಕಂಬಳಿಗೆ ನಿಂತ ಕಾಲಲ್ಲೇ ದುಡ್ಡು ಕೊಡುತ್ತಿದ್ದರು, ಒಂದು ದಿನವೂ ಸಾಲ ಹೇಳಿದವರಲ್ಲ. ಮನೆಗೆ ಎಣ್ಣೆ ತರುವಾಗ ಮಾತ್ರ ಹಿಂದೆ ತಂದ ಎಣ್ಣೆ ಏನಾಯಿತು ಎಂದು ಕೇಳದೆ ಬಿಡುತ್ತಿರಲಿಲ್ಲ.

ನಮ್ಮ ದೊಡ್ಡ ಜಗಳ ರಂಜಾನ್ ತಿಂಗಳಲ್ಲಿ. ಇರುವ ದುಡ್ಡು ಬಂಗಾರದಲ್ಲಿ ನಲವತ್ತಕ್ಕೊಂದು ಪಾಲು ಬಡವರಿಗೆ ಕೊಡಬೇಕು, ಅದೇ ಜಕಾತು. ಬೇರೆ ಮನೆಗಳಲ್ಲಿ ಹೆಂಡತಿಯ ಒಡವೆಯ ಜಕಾತನ್ನೂ ಗಂಡನೇ ಕೊಟ್ಟು ಮುಗಿಸುತ್ತಿದ್ದ. ನಮ್ಮವರು ಹಾಗಲ್ಲ. ಅಕ್ಕಸಾಲಿ ಆಚಾರ್ಯರನ್ನು ತಕ್ಕಡಿ ಸಮೇತ ಮನೆಗೆ ಕರೆಸಿ, ಮದುವೆಯಲ್ಲಿ ಗಂಡಿನ ಕಡೆಯವರು ನನಗೆ ಹಾಕಿದ್ದ ಬಳೆ, ಸರ, ಜುಮುಕಿ ಎಲ್ಲ ತೂಗಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಒಡವೆ ನಿಂದು. ಜಕಾತೂ ನೀನೇ ಕೊಡ್ಬೇಕು," ಎನ್ನುತ್ತಿದ್ದರು. ಮನೆಯಲ್ಲಿ ನಾವು ಉರ್ದು ಆಡುವವರು. ದುಡ್ಡಿನ ಮಾತು ಬಂದರೆ ಮಾತ್ರ ಅವರ ಬಾಯಿಗೆ ಅಂಗಡಿಯ ಕನ್ನಡವೇ ಬರುತ್ತಿತ್ತು.

"ನಾನೇನ್ ಕಂಬ್ಳಿ ಮಾರ್ತೀನಾ? ಎಲ್ಲಿಂದ ತರ್ಲಿ?"

"ಕೋಳಿ ಸಾಕಿದೀಯಲ್ಲ."

ಮೈಯೆಲ್ಲ ಉರಿಯುತ್ತಿತ್ತು. ಮೊಟ್ಟೆ ಮಾರಿ ಕೂಡಿಟ್ಟ ದುಡ್ಡನ್ನು ಸೆರಗಿನ ಗಂಟು ಬಿಚ್ಚಿ ತೆಗೆದು, ಪಕ್ಕದ ಮನೆಯ ಗಂಡನಿಲ್ಲದ ಅಜ್ಜಿಗೆ ಕೊಟ್ಟು ಬರುತ್ತಿದ್ದೆ. "ಹೆಂಡ್ತಿ ಮೊಟ್ಟೆ ದುಡ್ಡಿನ್ ಮೇಲೆ ಕಣ್ಣಿಟ್ಟ ಗಂಡ್ಸು ಈ ಶಿರಾದಾಗೆ ನೀವೊಬ್ರೇ," ಎಂದರೆ ನಗುತ್ತಿದ್ದರು. ವಾದಕ್ಕೆ ಬರುತ್ತಿರಲಿಲ್ಲ. ಅದು ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಯುದ್ಧದ ಕಾಲದಲ್ಲಿ ಅವರು ಜ್ವರ ಬಂದು ತೀರಿಕೊಂಡರು. ನಮಗಿದ್ದದ್ದು ಇಬ್ಬರು ಹೆಣ್ಣುಮಕ್ಕಳು. ನಮ್ಮ ಧರ್ಮದ ಪ್ರಕಾರ ಗಂಡುಮಕ್ಕಳಿಲ್ಲದಿದ್ದರೆ ಆಸ್ತಿಯಲ್ಲಿ ತೀರಿಕೊಂಡವರ ಅಣ್ಣನಿಗೂ ಪಾಲುಂಟು, ಆದ್ದರಿಂದ ಅಂಗಡಿ ಮನೆಗಳಲ್ಲಿ ಭಾವ ಪಾಲು ಕೇಳಿದ್ದು ತಪ್ಪಲ್ಲ. ಆದರೆ ಒಡವೆಯೂ ಮನೆತನದ್ದು, ಮದುವೆಯ ದಿನ ನನಗೆ ತೊಡಿಸಿದ್ದೇ ಹೊರತು ಕೊಟ್ಟಿದ್ದಲ್ಲ, ಅದೂ ಪಾಲಿಗೆ ಬರಬೇಕು ಎಂದರು. ಒಡವೆ ನನ್ನದಾಗಿ ಉಳಿದರೆ ಅದನ್ನು ಮಾರಿ, ಮನೆಯಲ್ಲಿ ಅವರಿಗೆ ಬರುವ ಭಾಗವನ್ನು ನಾನೇ ಕೊಳ್ಳಬಹುದಿತ್ತು. ಇಲ್ಲವಾದರೆ ಮಕ್ಕಳನ್ನು ಕಟ್ಟಿಕೊಂಡು ಪಾವಗಡದ ತಮ್ಮನ ಮನೆಯ ಮೂಲೆ ಸೇರಬೇಕಿತ್ತು.

ಮಸೀದಿಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ಪರದೆಯ ಹಿಂದೆ ನಾನೂ ಅಜ್ಜಿಯೂ ಕೂತಿದ್ದೆವು. ಪಾಲಿಗೆ ತೂಗಲೆಂದು ಭಾವನೇ ಆಚಾರ್ಯರನ್ನು ಕರೆತಂದಿದ್ದರು. ಉರ್ದು ಬಾರದ ಆಚಾರ್ಯರಿದ್ದುದರಿಂದ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಎಲ್ಲರಿಗಿಂತ ಹಿರಿಯರು ಕೇಳಿದ್ದು ಒಂದೇ ಮಾತು.

"ಈ ಬಂಗಾರದ ಜಕಾತು ಯಾರ್ ಕೊಡ್ತಿದ್ರು?"

"ನನ್ ತಮ್ಮ. ಮತ್ಯಾರು?" ಎಂದರು ಭಾವ.

ನನಗೆ ತಡೆಯಲಾಗಲಿಲ್ಲ. "ಆ ಮನುಷ್ಯ ಒಂದ್ ಕಾಸೂ ಕೊಟ್ಟೋರಲ್ಲ! ನನ್ ಕೋಳಿ ಮೊಟ್ಟೆ ಮಾರ್ಸಿ ನನ್ ಕೈಲೇ ಕೊಡ್ಸೋರು!" ಎಂದು ಪರದೆಯೊಳಗಿಂದಲೇ ಕೂಗಿದೆ. ವಾದ ಗೆಲ್ಲಲೆಂದು ಹೇಳಿದ್ದಲ್ಲ. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ದೂರು ಅದು.

"ನನ್ ಕೈಗೆ ಇಡ್ತಿದ್ದೋಳು ಇವ್ಳೇ ಕಣಪ್ಪಾ, ಗಂಡನ್ನ ಬೈಕೊಂಡೇ ಇಡೋಳು," ಎಂದಳು ಅಜ್ಜಿ.

ಆಚಾರ್ಯರು ತಕ್ಕಡಿ ಕೆಳಗಿಟ್ಟರು. "ಹೂಂ ಸ್ವಾಮಿ. ವರ್ಷಾ ವರ್ಷಾ ತೂಗ್ದೋನು ನಾನೇ. ಒಡವೆ ಅಮ್ಮೋರ್ದು ಅಂತ ಸಾಹೇಬ್ರು ನನ್ ಮುಂದೇನೇ ಹೇಳೋರು."

ಮೊದಲು ಕೇಳಿದ್ದ ಹಿರಿಯರು ಭಾವನ ಕಡೆ ನೋಡಿದರು. "ಒಡವೆ ಯಾರ್ದೋ ಜಕಾತು ಅವ್ರ ಮೇಲೆ. ಇದು ಮನೆತನದ್ದೇ ಆಗಿದ್ರೆ ನೀವು ಯಾವತ್ತಾದ್ರೂ ಕೊಟ್ಟಿದ್ರಾ?"

ತಕ್ಕಡಿ ಕಟ್ಟಿಕೊಳ್ಳಲು ಭಾವನೇ ಆಚಾರ್ಯರಿಗೆ ಹೇಳಿದರು. ಒಡವೆ ನನ್ನ ಬಳಿ ಉಳಿಯಿತು, ಅದರಿಂದ ಮನೆಯೂ ಉಳಿಯಿತು. ಅದೇ ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಹೀಗೆಲ್ಲ ಆದೀತೆಂದು ನಮ್ಮ ಯಜಮಾನರಿಗೆ ಮೊದಲೇ ಗೊತ್ತಿತ್ತು ಎಂದು ಜನ ಹೊಗಳುತ್ತಾರೆ. ನಾನು ಒಪ್ಪುವುದಿಲ್ಲ. ಅವರಿಗಿದ್ದದ್ದು ಅಲ್ಲಾಹನ ಭಯ ಒಂದೇ. ನನ್ನದನ್ನು ಲೆಕ್ಕದಲ್ಲೂ ತಮ್ಮದೆಂದುಕೊಳ್ಳಲು ಹೆದರುತ್ತಿದ್ದರು. ಅಂಥ ಗಂಡನ ಜೊತೆ ಬಾಳಿದೆನಲ್ಲ ಎಂದು ನನಗೆ ಈಗಲೂ ಹೆಮ್ಮೆ, ಅದನ್ನು ಮುಚ್ಚಿಡುವುದಿಲ್ಲ.

ಆ ದಿನ ಹಿರಿಯರೆಲ್ಲ ಎದ್ದು ಹೋದ ಮೇಲೆ ಪರದೆ ಸರಿಸಿ ಹೊರಗೆ ಬಂದೆ. ಯಜಮಾನರು ತೀರಿಕೊಂಡ ದಿನ ಬಾರದಿದ್ದ ಅಳು ಆಗ ಬಂತು. "ನೀವೇ ಗೆದ್ರಿ ಬಿಡಿ" ಎಂದು ಬೈಯಬೇಕೆನಿಸಿತು, ಕೇಳಿ ನಗುವುದಕ್ಕೆ ಆ ಮನುಷ್ಯ ಇರಲಿಲ್ಲ.