ಕುರ್ಚಿಯ ಕೆಳಗಿನ ವರಪರೀಕ್ಷೆ

ಐವತ್ತರ ದಶಕದಲ್ಲಿ, ಮುಂಬಯಿಯ ವಿಲೆ ಪಾರ್ಲೆಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಧಾರವಾಡದ ಹೆಂಗಸು, ನಮಗೆಲ್ಲ ಕಾಕು, ಒಂದು ಬೆಕ್ಕು ಸಾಕಿದ್ದರು. ಅದು ಮಂಚದ ಕೆಳಗೆ ಹೊಂಚು ಹಾಕಿ, ಬಂದವರ ಕಾಲಿಗೆ ಪಂಜದಿಂದ ಫಟ್ಟನೆ ಹೊಡೆದು, ಹೆಬ್ಬೆರಳನ್ನು ಮೆಲ್ಲಗೆ ಕಚ್ಚಿ ಓಡುತ್ತಿತ್ತು. ನಾವು ಚೀರಿದರೆ ಕಾಕು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳುತ್ತಿದ್ದರು: "ಬೆರಳು ಆಡಿಸಿದ್ರ ಅದಕ್ಕ ಇಲಿ ಕಂಡಂಗಾಗ್ತದ. ಅದು ಸಿಟ್ಟಲ್ಲ, ಆಟ."

ಅವರ ಮಗಳನ್ನು ನೋಡಲು ಮೊದಲ ವರ ಬಂದ ದಿನ, ಬೆಕ್ಕನ್ನು ಒಳಖೋಲಿಯಲ್ಲಿ ಕೂಡಿಹಾಕು ಎಂದು ಕಾಕುವಿನ ಯಜಮಾನರು ಹೇಳಿದ್ದರು. ಕಾಕು "ಹೂಂ" ಎಂದರು, ಕೂಡಿಹಾಕಲಿಲ್ಲ. ವರ ಕೂರಲೆಂದು ತಂದಿದ್ದ ಕುರ್ಚಿ ನಮ್ಮದು, ಆ ನೆಪದಲ್ಲಿ ನಾನೂ ಬಾಗಿಲಲ್ಲಿ ನಿಂತಿದ್ದೆ. ವರನಿಗೆ ಕಾಲು ಕುಣಿಸುವ ಚಟ. ಕುರ್ಚಿಯ ಕೆಳಗಿಂದ ಬೆಕ್ಕು ಹೊಡೆಯಿತು, ಅವನು ಅದನ್ನು ಒದ್ದ.

"ಉಪ್ಪಿಟ್ಟು ತಳಾ ಹತ್ತೇದರೀ," ಎಂದು ಕಾಕು ಬರೀ ಚಹಾ ಕೊಟ್ಟು ಕಳಿಸಿಬಿಟ್ಟರು. ಮಗಳು ಹೊರಗೇ ಬರಲಿಲ್ಲ. ಆ ಉಪ್ಪಿಟ್ಟನ್ನು ಆಮೇಲೆ ನಾವೇ ತಿಂದೆವು. ತಳ ಎಲ್ಲೂ ಹತ್ತಿರಲಿಲ್ಲ.

ಎರಡನೆಯ ವರ ಬೊರಿವಲಿಯವನು. ಬೆಕ್ಕು ಕಚ್ಚಿದಾಗ ಒಮ್ಮೆ ಬೆಚ್ಚಿದ. ಹಿರಿಯರು ಗೋತ್ರ, ನಕ್ಷತ್ರ ಎನ್ನುತ್ತಿದ್ದರೆ ಅವನು ಬಹಳ ಗಂಭೀರವಾಗಿ ತಲೆದೂಗುತ್ತ, ಕುರ್ಚಿಯ ಕೆಳಗೆ ಹೆಬ್ಬೆರಳನ್ನು ಮತ್ತೆ ಮೆಲ್ಲಗೆ ಆಡಿಸಿದ. ಫಟ್!

"ಕಡೀತೇನಪಾ?" ಎಂದರು ಕಾಕು.

"ಇಲ್ರೀ, ಆಟಾ ಆಡ್ಲಿಕತ್ತೇವಿ."

ಕಾಕು ಸೆರಗನ್ನು ಬಾಯಿಗೊತ್ತಿಕೊಂಡು ಒಳಖೋಲಿಯತ್ತ ತಿರುಗಿದರು: "ಏ, ಉಪ್ಪಿಟ್ಟಿಗೆ ಇನ್ನೊಂದ್ಚೂರು ತುಪ್ಪಾ ಹಾಕು. ನೀನೇ ತಗೊಂಡು ಬಾ!"